ಸೊನ್ನೆಯಿಂದ ಎಣಿಸಿದರೆ

ಏಳನೆಯದು ಸತ್ತಿದೆ ಎಂದಿತು ಪರದೆ.
ರಾತ್ರಿ ಎರಡೂಕಾಲು. ಕುತೈಸಿಯ ಆಸ್ಪತ್ರೆಯ ನೆಲಮಾಳಿಗೆ.
ಹೊರಗೆ ರಿಯೋನಿ ನದಿ, ಒಳಗೆ ಫ್ಯಾನುಗಳು;
ಯಾವ ಸದ್ದು ಯಾವುದರದೆಂದು ಒಂಬತ್ತು ವರ್ಷವಾದರೂ ನನಗೆ ತಿಳಿಯದು.

ಹನ್ನೆರಡು ಡಿಸ್ಕು, ಆರಾರರ ಎರಡು ಸಾಲು.
ಪ್ರತಿಯೊಂದರ ಹಣೆಗೂ ಗುರಾಮ್ ಅಂಟಿಸಿ ಹೋದ ಚೀಟಿ:
ನೀಲಿ ಶಾಯಿಯಲ್ಲಿ ಒಂದು, ಎರಡು, ಮೂರು.
ಏಳರ ಹೊಟ್ಟೆಗೊಂದು ಅಡ್ಡಗೆರೆ,
ಯಾರೂ ಅದನ್ನು ಒಂದೆಂದು ಓದದಿರಲಿ ಎಂದು.
ಅಷ್ಟು ಜಾಗರೂಕ ಮನುಷ್ಯ.

ಅದರ ಕೊಂಡಿಗೆ ಬೆರಳಿಟ್ಟೆ.
ಇಟ್ಟವಳು ಹಿಂದೆಗೆದೆ.

ಕೆಂಪು ದೀಪಗಳು ಕೆಟ್ಟು ಎರಡು ಚಳಿಗಾಲ ಕಳೆಯಿತು;
ಈಗ ಸತ್ತದ್ದಕ್ಕೂ ಹಸಿರೇ, ಬದುಕಿದ್ದಕ್ಕೂ ಹಸಿರೇ.
ಒಂದು ಹೋದರೆ ಈ ಪೆಟ್ಟಿಗೆ ತಾಳಿಕೊಳ್ಳುತ್ತದೆ.
ಎರಡು ಹೋದರೆ,
ಸತ್ತದ್ದರ ಜೊತೆ ನನ್ನ ಕೈಯಾರೆ ಕಿತ್ತದ್ದೂ ಸೇರಿ ಎರಡಾದರೆ,
ಕಲ್ಲು ಕಡೆಯುವವನ ಶ್ವಾಸಕೋಶ, ಕೂಸು ನುಂಗಿದ ನಾಣ್ಯ,
ಊರಿಡೀ ಜನರ ಮುರಿದ, ಕೂಡಿದ ಎಲುಬುಗಳೆಲ್ಲ
ಒಂದು ಟಕ್ ಎನ್ನುವಷ್ಟರಲ್ಲಿ ಬರೀ ಕಬ್ಬಿಣ.

ಗುರಾಮ್‌ಗೆ ಫೋನು ಹಚ್ಚಿದೆ. ಈಗವನು ಬತುಮಿಯ ಬಸ್ಸು ಓಡಿಸುತ್ತಾನೆ.
'ಎಲ್ಲಿಂದ ಎಣಿಸಿದೆ ನೀನು?'
ಕೆಮ್ಮಿದ. ಮಂಚ ಕಿರುಗುಟ್ಟಿತು.
'ಎಲ್ಲಿಂದ ಅಂದರೇನು ಏತೇರಿ, ಒಂದರಿಂದ.
ಸೊನ್ನೆಯಿಂದ ಯಾರಾದರೂ ಎಣಿಸುತ್ತಾರಾ?'
'ಯಂತ್ರ ಎಣಿಸುತ್ತೆ.'
'ಬಸ್ಸಿನ ಸೀಟೂ ಒಂದರಿಂದಲೇ' ಎಂದು ಇಟ್ಟುಬಿಟ್ಟ.

ಹಾಗಾದರೆ ಎಂಟು. ಆದರೂ
ನಿದ್ದೆಗಣ್ಣಿನವನ ನೆನಪನ್ನು ನೆಚ್ಚಿ ಏನನ್ನೂ ಕೀಳಬಾರದು.
ಎಲ್ಲರೂ ಓದಿ, ಎಂದೆ ಯಂತ್ರಕ್ಕೆ,
ಸುಮ್ಮನೆ, ಏನಾದರೂ, ಮೊದಲಿನಿಂದ ಓದಿ.
ಬಾಣಲೆಯ ಜೋಳದಂತೆ ಚಟಪಟ ಮಿನುಗಿದವು ದೀಪಗಳು,
ಹನ್ನೊಂದು.
ಎಂಟರದು ಮಾತ್ರ ಮಿನುಗಲಿಲ್ಲ,
ಕರೆದರೆ ಓಗೊಡದವರ ಮುಖದಂತೆ
ನೆಟ್ಟಗೆ, ಹಸಿರಾಗಿ, ನೋಡುತ್ತ ಕೂತಿತ್ತು.

ಎಳೆದೆ. ಬೆನ್ನ ಮೇಲಿನ ಅಂಕಿ, ನನ್ನ ಕಾಗದದ ಅಂಕಿ,
ಬೆರಳಿಟ್ಟು ಎರಡು ಸಲ ಓದಿದೆ. ಅದೇ.
ಹೊಸದನ್ನು ತಳ್ಳಿದೆ. ಹನ್ನೊಂದು ಗಂಟೆ ಹಿಡಿಯುತ್ತದಂತೆ.
ಉಳಿದವೆಲ್ಲ ಒಂದೇ ದಿನ ಒಂದೇ ಪೆಟ್ಟಿಗೆಯಲ್ಲಿ ಬಂದವು,
ಒಂದೇ ವಯಸ್ಸಿನವು. ಅದನ್ನು ಯೋಚಿಸಬಾರದು.

ಮೂರು ದಾಟಿ ಹತ್ತು ನಿಮಿಷಕ್ಕೆ ಮೇಲಿನಿಂದ ಲಾಮಾರಾ:
'ಏಣಿಯಿಂದ ಬಿದ್ದವನು ಬಂದಿದ್ದಾನೆ. ಅದೇ ಭುಜ ಹಿಂದೆಯೂ ಮುರಿದಿತ್ತಂತೆ.
ಹಳೆಯ ಚಿತ್ರ ಬೇಕು ಡಾಕ್ಟರಿಗೆ, ಸಿಗುತ್ತದಾ?'
ಕಾಯಿರಿ ಎಂದೆ.
ಚಿತ್ರ ಇಳಿಯಿತು, ಪಟ್ಟಿ ಪಟ್ಟಿಯಾಗಿ, ಕುಂಟುತ್ತ:
ಕತ್ತು, ಕೊರಳೆಲುಬು, ಆಮೇಲೆ ಭುಜ.
ಅದರಲ್ಲೊಂದು ಪಾಲು ಈಗ ಎಲ್ಲಿಯೂ ಇಲ್ಲ.
ನನ್ನ ಮೇಜಿನ ಮೇಲೆ, ತಣ್ಣಗಾದ ಖಚಾಪುರಿಯ ಪಕ್ಕ ಸತ್ತು ಬಿದ್ದಿದೆ.
ಉಳಿದವು ತಮ್ಮಲ್ಲಿದ್ದುದನ್ನೆಲ್ಲ ಕೂಡಿ ಕಳೆದು
ಅವನು ಹೀಗಿದ್ದಿರಲೇಬೇಕು ಎಂದು ಲೆಕ್ಕ ಒಪ್ಪಿಸುತ್ತಿವೆ.
ಒಂದು ಗೀರೂ ತಪ್ಪಿಲ್ಲ.
'ಬಂತು' ಎಂದಳು ಲಾಮಾರಾ. ಅಷ್ಟೇ ಎಂದಳು.

ಪ್ರತಿ ಚೀಟಿಯ ಕೆಳಗೆ ಯಂತ್ರದ ಎಣಿಕೆ ಬರೆದೆ,
ಸೊನ್ನೆಯಿಂದ ಹನ್ನೊಂದರವರೆಗೆ.
ಗುರಾಮನ ಅಂಕಿಗಳನ್ನು ಅಳಿಸಲಿಲ್ಲ.

ಬೆಳಗ್ಗೆ ಹೋಗುವಾಗ ಸತ್ತದ್ದನ್ನು ಕೋಟಿನ ಜೇಬಿಗಿಳಿಸಿದೆ.
ಮುಕ್ಕಾಲು ಕಿಲೋ.
ಹೊಸದೂ ಅಷ್ಟೇ ಇತ್ತು.