ಎಂಟನೆಯ ಪೆಟ್ಟು

ಲಂಡನ್ನಿನಿಂದ ಬಂತು ಹೊಸ ಅಚ್ಚು.
ನೂರ ಎಂಬತ್ತು ಗ್ರಾಂ, ರಟ್ಟಿನ ಮೇಲೇ ಇದೆ.
ಪಾವ್ಲಿನ್ ಕೈಯಲ್ಲಿ ತೂಗಿ, "ಒಂದು ಬಂಗಡೆ" ಅಂದಳು.

ಹಳೆಯದನ್ನು ಬೈತಖೋಲಿನಲ್ಲಿ
ಅದಿರು ಹಡಗಿನ ಫಿಟ್ಟರ್ ಕೊಟ್ಟಿದ್ದ, ಬುಟ್ಟಿ ಸಿಗಡಿಗೆ.
ಎರಡನೇ ಮಗ್ಗುಲಲ್ಲಿ ಸ್ಯಾಕ್ಸೊಫೋನ್ ಏಳುವಾಗ
ತಾಳ ಒಂದು ಹೆಜ್ಜೆ ಎಡವುತ್ತಿತ್ತು.
ಗೀರು ಬಿದ್ದಿದೆ, ಎಂಟನೇ ಪೆಟ್ಟು ನುಂಗಿದೆ,
ಬಂದವರಿಗೆಲ್ಲ ಮೂವತ್ತು ವರ್ಷ ಹೇಳಿದೆ.
ಅಲ್ಲ, ಅವರು ಬಾರಿಸಿದ್ದೇ ಹಾಗೆ
ಎನ್ನುತ್ತಿದ್ದವನು ಐಸ್ ಫ್ಯಾಕ್ಟರಿಯ ರಜಬ್ ಒಬ್ಬನೇ.
ಅಷ್ಟಕ್ಕೇ ಎರಡು ಮಳೆಗಾಲ ಮುಖ ನೋಡಲಿಲ್ಲ.

ಇವತ್ತು ಮುಳ್ಳು ಇಳಿಸಿದೆ. ಗೀರಿಲ್ಲ.
ಅದೇ ಜಾಗ. ಅದೇ ಎಡವು.
ಬೆರಳು ಮಡಚಿ ಎಣಿಸಿದೆ: ಏಳು.
ಮತ್ತೆ ಏಳು.

ಫೋನನ್ನು ಸ್ಪೀಕರಿಗೆ ಹಿಡಿದೆ.
ಆ ಕಡೆ ಐಸ್ ಪುಡಿಯಾಗುವ ಸದ್ದು,
ಆಮೇಲೆ ರಜಬ್:
"ಈಗ ಮೀನು ಇಳೀತಾ ಇದೆ ಮಾರಾಯ,
ಸಂಜೆ ಬಂದು ಸೋಲು."