ಖಾಲಿ ಜಾಗದ ಅಚ್ಚು

ಮತ್ತಿಗಿರಿಯ ಹಲ್ಲು ಡಾಕ್ಟರು ಹೇಮಾದ್ರಿ
ಒಂದು ಭಾನುವಾರ ಕಾರನ್ನು ತಳ್ಳಿಸಿಕೊಂಡೇ ಬಂದರು.
ಎರಡೇ ಸೀಟು, ಜಪಾನಿನದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡದ್ದು,
ಕೆಂಪು ಬಣ್ಣ ಬಿಸಿಲಿಗೆ ಬೆಂದು ಗುಲಾಬಿಯಾದದ್ದು.
ಡಿಕ್ಕಿಯಲ್ಲಿ ಗೋಣಿಚೀಲ, ಚೀಲದಲ್ಲಿ ಸೂಪರ್‌ಚಾರ್ಜರ್:
ಯಾವುದೋ ಸತ್ತ ಕಾರಿನ ಪುಪ್ಪಸ,
ದಸ್ತಗೀರ್ ಸಾಬರ ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು.
"ಇದನ್ನು ಇದಕ್ಕೆ ಕೂರಿಸಿಕೊಡಿ ಅಕ್ಕ,"
ಹಲ್ಲು ಕಟ್ಟುವಷ್ಟೇ ಸಲೀಸು ಅನ್ನುವ ಹಾಗೆ.

ಹೊಸೂರಿನ ಸಿಪ್ಕಾಟ್ ಹಿಂದಿನ ಓಣಿ ನನ್ನದು,
ಒಂದು ಲೇತು, ಒಂದು ಆರ್ಗಾನ್ ವೆಲ್ಡಿಂಗು.
ಬೋರ್ಡು ತಮಿಳಲ್ಲಿ, ಬೈಗುಳ ತೆಲುಗಲ್ಲಿ,
ಲೆಕ್ಕ ಮಾತ್ರ ಕನ್ನಡದಲ್ಲಿ.
ಎಣಿಸುವಾಗ ನಾಲಿಗೆ ಸುಳ್ಳು ಹೇಳುವುದಿಲ್ಲ.

ಗಾಳಿಯನ್ನು ಹಿಂಡಿದರೆ ಅದು ಕಾಯುತ್ತದೆ.
ಸೈಕಲ್ ಪಂಪು ಹೊಡೆದವರಿಗೆಲ್ಲ ಗೊತ್ತು, ಬುಡ ಮುಟ್ಟಿದರೆ ಚುರ್ರ್.
ಕಾದ ಗಾಳಿ ತೆಳು;
ಎಷ್ಟು ತುರುಕಿದರೂ ಇಂಜಿನ್ನಿಗೆ ಅರೆಹೊಟ್ಟೆ.
ಅದಕ್ಕೇ ನಡುವೆ ಒಂದು ಇಂಟರ್‌ಕೂಲರ್,
ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ಹಾಗೆ
ಉಸಿರನ್ನು ಆರಿಸಿ ಆರಿಸಿ ಕುಡಿಸುವುದಕ್ಕೆ.

ಇಡಲು ಜಾಗವೇ ಇಲ್ಲ.
ರೇಡಿಯೇಟರಿಗೂ ಬಂಪರಿಗೂ ನಡುವೆ
ಟೇಪು ಬಾಗದು, ಸ್ಕೇಲು ಹೋಗದು.
ಮಾರನೇ ದಿನ ಡಾಕ್ಟರು ಕ್ಲಿನಿಕ್ಕಿನಿಂದ
ಡಬ್ಬಿ ತುಂಬ ಅಚ್ಚಿನ ಪುಡಿ ತಂದರು.
ಬಾಯಿ ತೆರೆಸಿದ ಹಾಗೆ ಬಾನೆಟ್ ಎತ್ತಿ,
ಪ್ಲಾಸ್ಟಿಕ್ ಕವರಿನಲ್ಲಿ ಕಲಸಿ, ಸಂದಿಗೆ ಒತ್ತಿ,
"ಹೂಂ, ಕಚ್ಚು" ಎಂದು ಕಾರಿಗೇ ಹೇಳಿದರು.
ಇಳಂಗೋವನ್ ನಗು ತಡೆಯಲಾರದೆ ಲೇತಿನ ಹಿಂದೆ ಹೋದ.
ಗಟ್ಟಿಯಾದ ಮೇಲೆ ಹೊರಬಂತು ಬಿಳಿಯ ಗಡ್ಡೆ.
ಏನೂ ಇಲ್ಲದ ಜಾಗಕ್ಕೆ ಇಷ್ಟೊಂದು ಮೈಕಟ್ಟು!

ನಮ್ಮಪ್ಪ ಬಾಗಲೂರಿನಲ್ಲಿ ಕುಳ ಕಾಯಿಸಿದವನು.
ಕಬ್ಬಿಣ ಮರ್ಯಾದಸ್ಥ ಅನ್ನುತ್ತಿದ್ದ,
ಕಂದು, ಕೆಂಪು, ಕಿತ್ತಳೆ, ಎಲ್ಲ ಹೇಳಿಯೇ ಕರಗುತ್ತದೆ.
ಅಲ್ಯೂಮಿನಿಯಂ ಹಾಗಲ್ಲ.
ಇದ್ದಂತೆಯೇ ಇರುತ್ತದೆ, ಆಮೇಲೆ ಇರುವುದಿಲ್ಲ.
ಮೂರು ಮಿಲಿಮೀಟರ್ ತಗಡು, ಕಾಲಡಿ ಪೆಡಲು,
ಹೊಳಪು ಒದ್ದೆಯಾದ ಗಳಿಗೆಗೆ ಸರಿಯಾಗಿ ಕಡ್ಡಿ ಮುಟ್ಟಿಸಬೇಕು.
ಒಂದು ಮೂಲೆ ಕುಸಿಯಿತು.
ಎರಡನೆಯದೂ.
ಮೂರನೆಯ ಡಬ್ಬಕ್ಕೆ ಕೈ ತನ್ನ ಕಮ್ಮಾರಿಕೆ ಮರೆಯಿತು.

ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಬಿಟ್ಟೆವು, ಹದಿನೈದು ಪೌಂಡು.
ಒಂದೇ ಗುಳ್ಳೆ,
ಸಾಸಿವೆಯಷ್ಟು, ತಡೆದು ತಡೆದು.
ಎತ್ತಿದರೆ ಬೆಸುಗೆಯ ಹೊರಗೆಲ್ಲೂ ತೂತಿಲ್ಲ.
ಡಾಕ್ಟರು ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದು
ನಳಿಕೆಯೊಳಗೆ ಇಳಿಸಿ, ಒಂದು ಕಣ್ಣು ಮುಚ್ಚಿ,
"ಕೆಳಗಿನ ಸಾಲು, ಬಲಕ್ಕೆ, ಆರನೆಯದು."
ಹುಳುಕು ಅಲ್ಲೇ ಇತ್ತು.

ಪುಲ್ಲಿ ಕಡೆದೆ, ಬೆಲ್ಟು ಕೀರಿತು, ಎರಡು ನೂಲು ಸರಿಸಿದೆ.
ಸ್ಕ್ರೂಡ್ರೈವರ್ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ:
ಟಿನ್ನಿನಲ್ಲಿ ಕಲ್ಲು ಅಲ್ಲಾಡಿದ ಸದ್ದು ಬಂದರೆ ಪಿಸ್ಟನ್ನಿಗೆ ತಿಥಿ.
ಬರಲಿಲ್ಲ.

ತಳಿ ರಸ್ತೆ, ಬೆಳಗಿನ ಐದೂವರೆ.
ಎದುರಿಗೆ ಗುಲಾಬಿ ಹೊತ್ತ ಟೆಂಪೋಗಳು ಲೈಟು ಹಾಕಿಕೊಂಡು ಬರುತ್ತಿದ್ದವು.
ಮೂರನೇ ಗೇರಿನಲ್ಲಿ ಅದು ಸಿಳ್ಳೆ ಶುರುಮಾಡಿತು,
ಬೆನ್ನು ಸೀಟಿನೊಳಕ್ಕೆ ಹೋಯಿತು,
ಡಾಕ್ಟರು ಏನೋ ಕೂಗಿದರು, ಯಾವ ಭಾಷೆಯೋ.
ನಾನು ಮುಳ್ಳು ನೋಡುತ್ತಿದ್ದೆ.
ನಲವತ್ತೆರಡು ಡಿಗ್ರಿ. ದಾಟಲಿಲ್ಲ.

ಜವಳಗಿರಿ ಕಾಡಿನ ಅಂಚಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ.
ಒಳಹೋಗುವ ಪೈಪು ಚರ್ಮ ಸುಲಿಯುವಷ್ಟು ಬಿಸಿ.
ಹೊರಬರುವ ಪೈಪಿನ ಮೇಲೆ ಅಂಗೈ ಇಟ್ಟೆ,
ಇಟ್ಟುಕೊಂಡೇ ಇದ್ದೆ.

ಆ ಬಿಳಿ ಗಡ್ಡೆ ಈಗಲೂ ಅಂಗಡಿಯಲ್ಲಿದೆ,
ಅಪ್ಪನ ಸುತ್ತಿಗೆಯ ಪಕ್ಕ, ಮೇಲಿನ ಹಲಗೆಯಲ್ಲಿ.
ಯಾವ ಪ್ರಾಣಿಯ ದವಡೆ ಅಂತ ಬಂದವರು ಕೇಳುತ್ತಾರೆ.
ಇಳಂಗೋವನ್ ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳುತ್ತಾನೆ.
ನಾನು ಅದರ ದೂಳು ಒರೆಸುತ್ತೇನೆ,
ದಿನಾ ಏನಲ್ಲ.