ಮೈನಸ್ ಮೂರೂಕಾಲು

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಅದಕ್ಕೇ ಒಳಗೆ ಬಂದರು ಅಂದುಕೊಂಡೆ.
ನೆರಳಿಗೆ ಬರುವವರು ಹಾಗೇ,
ಎರಡು ಫ್ರೇಮು ಮುಟ್ಟಿ ನೋಡಿ
ಗೇಟೆದ್ದ ಕೂಡಲೇ ಹೋಗುತ್ತಾರೆ.
ಈಕೆ ಹೋಗಲಿಲ್ಲ.
ಬುರ್ಖಾದ ತೋಳಿನಿಂದ ಚೀಟಿಯೊಂದನ್ನು ತೆಗೆದಳು,
ಮಸಿಯ ಬೆರಳಚ್ಚು ಬಿದ್ದದ್ದು.
ಸರ್ಕಾರಿ ಆಸ್ಪತ್ರೆಯ ಅಕ್ಷರ:
ಮೆಹಕ್, ಏಳು ವರ್ಷ,
ಎರಡೂ ಕಣ್ಣು ಮೈನಸ್ ಮೂರೂಕಾಲು.
ಕೆಳಗೆ, ಅಡಿಗೆರೆ ಎಳೆದು: ಮೊಬೈಲ್ ಬಂದ್.

ಇಪ್ಪತ್ತಾರು ವರ್ಷದಿಂದ ಗಾಜು ಅರೆಯುತ್ತಿದ್ದೇನೆ.
ಮೊದಲೆಲ್ಲ ಬರುತ್ತಿದ್ದವರು
ಸೂಜಿಗೆ ದಾರ ಪೋಣಿಸಲಾಗದ ದರ್ಜಿಗಳು,
ಹತ್ತಿ ಮಿಲ್ಲು ಮುಚ್ಚಿದ ಮೇಲೂ
ದಿನಾ ಪೇಪರು ಓದಲೇಬೇಕೆಂಬ ಹಠದ ಮುದುಕರು.
ಈಗ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ
ಗುಲಾಬಿ ಬಣ್ಣದ ಪುಟ್ಟ ಫ್ರೇಮು,
ಕಡ್ಡಿಯ ಮೇಲೆ ಚಿಟ್ಟೆ.
ವ್ಯಾಪಾರ ಚೆನ್ನಾಗಿದೆ,
ಹೇಳಿಕೊಳ್ಳಲು ನಾಚಿಕೆಯಾಗುವಷ್ಟು.

ಗೋಡೆಯ ಹಲಗೆ ತೋರಿಸಿದೆ. ಓದವ್ವಾ.
ಗ, ಅಂದಳು.
ಕೆಳಗಿನ ಸಾಲು?
ಕಣ್ಣು ಕಿರಿದಾಗಿಸಿ ಕುತ್ತಿಗೆ ಮುಂದೆ ಚಾಚಿದಳು,
ಆಗಲೇ ನಲ್ಲಿಯಂತೆ ಬಾಗಿದ್ದ ಕುತ್ತಿಗೆ.
ಮಂಡಕ್ಕಿ, ಅಂದಳು.
ಅದರ ಕೆಳಗೆ?
ಅದೂ ಮಂಡಕ್ಕಿ. ಸಣ್ಣದು.

ನಾನು ನಕ್ಕೆ. ತಾಯಿ ನಗಲಿಲ್ಲ.
ಎಲ್ಲರಿಗೂ ಹೇಳುವ ಪಾಠ ಶುರುಮಾಡಿದೆ:
ಊಟಕ್ಕೆ ಕೊಡಬೇಡಿ, ಮಲಗುವಾಗ ಕೊಡಲೇಬೇಡಿ,
ನಿದ್ದೆ ಹಾಳು, ರೆಪ್ಪೆ ಬಡಿಯುವುದನ್ನೇ ಮರೆಯುತ್ತವೆ ಮಕ್ಕಳು,
ದಿನಾ ಬಯಲಲ್ಲಿ ಆಡಿಸಿ, ದೂರ ನೋಡಲಿ.

ದೂರ ಎಲ್ಲೈತಣ್ಣಾ ನಮ್ಮ ಭಟ್ಟಿ ಓಣ್ಯಾಗೆ?
ಮೂರು ಮಾರಿಗೆ ಪಕ್ಕದ ಭಟ್ಟಿ ಗೋಡೆ,
ಮ್ಯಾಲೆ ನೋಡಿದ್ರೆ ಹೊಗೆ.

ಆಮೇಲೆ, ಕೇಳದೆಯೇ, ಹೇಳಿದಳು:
ಕೊಟ್ಟೋಳು ನಾನೇ ಅಣ್ಣಾ, ಕಟ್ಟಿಹಾಕೋ ಹಗ್ಗ ಅಂತ.
ದೊಡ್ಡೋಳು ಅಂಬೆಗಾಲಿಟ್ಟು ಬಂದು
ಕಾದ ಮರಳಿಗೆ ಕೈ ಹಾಕಿದ್ಳು.
ಈಗ್ಲೂ ಎರಡು ಬೆರಳು ಬಿಡ್ಸಕ್ಕೆ ಬರಲ್ಲ.
ಇವಳಿಗೆ ಹಂಗಾಗಬಾರ್ದು ಅಂತ.
ಮೊಬೈಲು ಸುಡಲ್ಲ. ತಣ್ಣಗಿರತೈತೆ.

ಗೇಟೆದ್ದಿತು. ಹಾರ್ನುಗಳು.
ಬಾಯಲ್ಲಿದ್ದ ಪಾಠದ ಉಳಿದರ್ಧ ಅಲ್ಲೇ ಒಣಗಿತು.
ಅಡಿಗೆರೆ ಎಳೆದ ಮಾತನ್ನು ಇನ್ನೊಮ್ಮೆ ಓದಿದೆ.
ಭಟ್ಟಿ ಬಂದ್ ಎಂದು ಯಾರೂ ಬರೆದಿರಲಿಲ್ಲ.

ನಮ್ಮ ಮನೆಯಲ್ಲಿ ಭಟ್ಟಿ ಇಲ್ಲ.
ಆದರೂ ತುತ್ತಿಗೊಂದು ಕಾರ್ಟೂನಿಲ್ಲದೆ
ಮೊಮ್ಮಗ ಬಾಯಿ ತೆರೆಯುವುದಿಲ್ಲ.
ದೊಡ್ಡವರು ನಾಲ್ವರು ಸುತ್ತ ಕೂತು
ನಮ್ಮ ನಮ್ಮ ಅಂಗೈಯ ಬೆಳಕು ನೋಡುತ್ತಿರುತ್ತೇವೆ.
ಅದನ್ನು ಆಕೆಗೆ ಹೇಳಲಿಲ್ಲ.

ಮೂರನೇ ದಿನ ಕನ್ನಡಕ ತಯಾರು.
ಮೂಗಿನ ಮೇಲೆ ಕೂರಿಸಿದೆ.
ಮೆಹಕ್ ಹಲಗೆ ನೋಡಲಿಲ್ಲ.
ತಾಯಿ ಬಾಗಿಲ ಹತ್ತಿರ ನಿಂತಿದ್ದಳು,
ಮುಸುಕು ಸರಿಸಿ ಬೆವರು ಒರೆಸಿಕೊಳ್ಳುತ್ತ.
ಅಮ್ಮೀ, ಎಂದು ಕಿರುಚಿದಳು ಹುಡುಗಿ,
ಅಲ್ಲಿದ್ರೂ ನಿಂಗೆ ಮೂಗೈತೆ!

ನಾಲ್ಕು ತಿಂಗಳಾದ ಮೇಲೆ ಮತ್ತೆ ಬಂದರು,
ಸ್ಕ್ರೂ ಸಡಿಲವಾಗಿತ್ತು.
ಬೇಯಿಸಿದ ಭತ್ತ ಮಾಳಿಗೆಗೆ ಹರವುತ್ತಾರಂತೆ,
ಶಾಲೆ ಬಿಟ್ಟ ಮೇಲೆ ಪಾರಿವಾಳ ಓಡಿಸುವ ಕೆಲಸ ಇವಳದು.
ಭಟ್ಟಿ ಉರಿಯೋ ಹೊತ್ತಿಗೆ ಮಾತ್ರ ಮೊಬೈಲೇ,
ಸುಳ್ಳು ಹೇಳಲ್ಲಣ್ಣಾ, ಅಂದಳು ತಾಯಿ.
ನಂಬರು ಅಲ್ಲೇ ನಿಂತಿತ್ತು ಎಂದು ಬರೆಯುವ ಆಸೆ ನನಗೆ.
ಎಡಗಣ್ಣಿಗೆ ಕಾಲು ಏರಿತ್ತು.

ಪಾರಿವಾಳ ಎಲ್ಲಿ ತನಕ ಕಾಣ್ತಾವೆ? ಕೇಳಿದೆ.
ನೀರಿನ ಟ್ಯಾಂಕ್ ತನಕ.
ಆಮೇಲೆ?
ಹೊಸ ಸ್ಕ್ರೂ ಬಿಗಿದ ಕನ್ನಡಕವನ್ನು
ನನ್ನ ಕೈಯಿಂದ ಕಿತ್ತುಕೊಂಡು ಹಾಕಿಕೊಂಡಳು.
ಆಮೇಲೆ ಮಂಡಕ್ಕಿ.